ಹತ್ತೂ ಇಪ್ಪತ್ತಕ್ಕೆ ಹೊರಡುವವರು

ತೂಕ ಮತ್ತು ಅಳತೆಯ ಕಚೇರಿಯ ಹಿಂದಿನ ಅಂಗಳದಲ್ಲಿ ಕಾರುಗಳನ್ನು ಚಾರ್ಜ್ ಮಾಡುವ ಕಂಬಗಳು ಇಪ್ಪತ್ನಾಲ್ಕು ಇದ್ದವು. ಅಲ್ಲಿಗೆ ಸಿಗುತ್ತಿದ್ದ ಕರೆಂಟು ಆರು ಕಂಬಕ್ಕೆ ಸಾಕಾಗುವಷ್ಟು. ಇದು ಲೋಡಕ್ಕನಿಗೆ ಕಂಬ ನೆಡುವ ಮೊದಲೇ ಗೊತ್ತಿತ್ತು, ಹೇಳಿಯೂ ಇದ್ದಳು. ಆದರೆ ಎದುರು ಕಟ್ಟಡದ ಭೂಮಾಪನ ಇಲಾಖೆಯವರು ಇಪ್ಪತ್ತು ಕಂಬ ಹಾಕಿಸಿಬಿಟ್ಟಿದ್ದರು. ಅವರ ಇಪ್ಪತ್ತರ ಎದುರು ಆರು ಕಂಬ ನೆಟ್ಟುಕೊಂಡು ಕೂರುವುದಕ್ಕೆ ದೊಡ್ಡ ಸಾಹೇಬರ ಮನಸ್ಸು ಒಪ್ಪಲಿಲ್ಲ.

"ಮೊದ್ಲು ಕಂಬ ಬರ್ಲಿ. ಕರೆಂಟು ತಾನಾಗೇ ಬರುತ್ತೆ," ಎಂದರು. ತೊಟ್ಟಿಲು ತಂದಿಟ್ಟರೆ ಮಗು ತಾನಾಗಿ ಹುಟ್ಟುತ್ತದೆ ಎಂದು ನಂಬುವವರ ಪೈಕಿ ಅವರು.

ಲೋಡಕ್ಕ ಆ ಕಚೇರಿಯ ಎಲೆಕ್ಟ್ರಿಷಿಯನ್. ಏಳು ವರ್ಷದಿಂದ ಕೆಲಸ, ಏಳು ವರ್ಷದಿಂದಲೂ ತಾತ್ಕಾಲಿಕ. ನಾಲ್ಕು ಮಹಡಿಯ ಫ್ಯಾನುಗಳು, ಲಿಫ್ಟು, ತಕ್ಕಡಿ ಪರೀಕ್ಷೆ ಮಾಡುವ ಕೋಣೆಯ ಯಂತ್ರಗಳು ಎಲ್ಲ ಅವಳ ಉಸ್ತುವಾರಿ. ಯಾರಾದರೂ ಮನೆಯಿಂದ ಹೀಟರು ತಂದರೆ "ಲೋಡ್ ಜಾಸ್ತಿಯಾಗುತ್ತೆ ಸರ್" ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಹೆಸರು ಅಂಟಿಕೊಂಡದ್ದು ಹಾಗೆ. ಮದುವೆಯಾದ ಮೇಲೆ ಒಲೆ ಆರಿಸಿ ಸಂಜೆ ತರಗತಿಗೆ ಓಡಿ, ಮೂರು ವರ್ಷ ಓದಿ ಪಡೆದ ಪರವಾನಗಿ ಪುಸ್ತಕ ಅವಳ ಬಳಿ ಇತ್ತು. "ಈ ಪರವಾನಗಿ ಉಳ್ಳವರು ಮಾಡಿದ ಕೆಲಸಕ್ಕೆ ಅವರೇ ಹೊಣೆ" ಎಂದು ಅದರ ಮೊದಲ ಪುಟದಲ್ಲಿ ಅಚ್ಚಾಗಿತ್ತು. ಉಳಿದವರು ಓದದೆ ಮಗುಚುವ ಪುಟ ಅದು. ಅವಳಿಗೆ ಹೊಟ್ಟೆಯೊಳಗಿನ ಕಲ್ಲು. ಮನೆಗೆ ಹೊರಟವಳು ಅರ್ಧ ದಾರಿಯಿಂದ ವಾಪಸು ಬಂದು ಮೇನ್ ಸ್ವಿಚ್ಚು ಮುಟ್ಟಿ ನೋಡಿ ಹೋದ ದಿನಗಳೂ ಉಂಟು.

ಕಂಬಗಳು ಶುರುವಾದ ದಿನ ಇಪ್ಪತ್ನಾಲ್ಕು ಕಾರುಗಳೂ ಒಟ್ಟಿಗೆ ಬಾಯಿ ಹಾಕಿದವು. ಮೂರು ನಿಮಿಷಕ್ಕೆ ಮೇನ್ ಬಿತ್ತು. ಆಡಳಿತಾಧಿಕಾರಿ ಮೇಡಂ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಲಿಫ್ಟಿನಲ್ಲಿ ನಲವತ್ತು ನಿಮಿಷ ನಿಂತರು. ಆ ಕಚೇರಿಯ ಕಡತಗಳಿಗೆ ಇದೇನು ಹೊಸ ಅನುಭವವಲ್ಲ, ಅಧಿಕಾರಿಗಳಿಗೆ ಹೊಸದು. ಮರುವಾರವೇ ಬೂದು ಬಣ್ಣದ ಒಂದು ಪೆಟ್ಟಿಗೆ ಬಂತು.

ಇರುವ ಕರೆಂಟನ್ನು ಮೇನ್ ಬೀಳದ ಹಾಗೆ ಕಾರುಗಳಿಗೆ ಹಂಚುವುದು ಆ ಪೆಟ್ಟಿಗೆಯ ಕೆಲಸ. ಕಾರನ್ನು ಕಂಬಕ್ಕೆ ಸಿಕ್ಕಿಸಿದೊಡನೆ ಅದು ಒಂದೇ ಪ್ರಶ್ನೆ ಕೇಳುತ್ತಿತ್ತು: ಎಷ್ಟು ಗಂಟೆಗೆ ಹೊರಡುತ್ತೀರಿ? ಬೇಗ ಹೊರಡುವವರಿಗೆ ಮೊದಲು ಕೊಡು, ನಿಧಾನಕ್ಕೆ ಹೊರಡುವವರಿಗೆ ಆಮೇಲೆ ಕೊಡು. ಅದರ ಬುದ್ಧಿ ಇಷ್ಟೇ. ಹೇಳಿದ್ದನ್ನು ನಂಬುತ್ತಿತ್ತು, ಪಾಪ. ಅಳತೆಯ ಕಚೇರಿಗೆ ಹೊಸದಾಗಿ ಸೇರಿದ್ದು.

ಮೊದಲ ವಾರ ಎಲ್ಲರೂ ಐದೂವರೆ ಎಂದೇ ಒತ್ತಿದರು. ಎಲ್ಲರಿಗೂ ಸಮಪಾಲು ಸಿಕ್ಕಿತು. ಸಂಜೆಯ ಹೊತ್ತಿಗೆ ಮನೆಗೆ ಹೋಗಿ ಮರುದಿನ ಬರುವಷ್ಟು ತುಂಬುತ್ತಿತ್ತು. ಒಂದು ದಿನ ಆಡಳಿತಾಧಿಕಾರಿ ಮೇಡಂಗೆ ಹಲ್ಲುನೋವು. ನಿಜವಾಗಿಯೂ ಒಂದು ಗಂಟೆಗೆ ಹೊರಡುವವರಿದ್ದರು, ಒಂದು ಎಂದು ಒತ್ತಿದರು. ಹನ್ನೆರಡೂವರೆಗೆಲ್ಲ ಅವರ ಕಾರು ಭರ್ತಿ. ಟಪಾಲು ವಿಭಾಗದ ಮುಖ್ಯಸ್ಥರು ಕಿಟಕಿಯಿಂದ ಅದನ್ನು ನೋಡಿದರು. ಅವರನ್ನು ಎಲ್ಲರೂ ಟಪಾಲಪ್ಪ ಎನ್ನುವುದು. ಕಾಗದ ರವಾನಿಸುವುದಕ್ಕಿಂತ ಸುದ್ದಿ ರವಾನಿಸುವುದರಲ್ಲಿ ಚುರುಕು. ಮರುದಿನ ಅವರು ಹನ್ನೆರಡೂವರೆ ಎಂದು ಒತ್ತಿದರು. ಅದರ ಮರುದಿನ ಏಳು ಜನ ಹನ್ನೆರಡು. ವಾರ ಕಳೆಯುವುದರೊಳಗೆ ಇಡೀ ಅಂಗಳ ಹನ್ನೊಂದಕ್ಕೆ ಇಳಿದಿತ್ತು.

"ಸರ್, ಇವತ್ತೂ ಹನ್ನೊಂದಕ್ಕೆ ಹೊರಡ್ತೀರಾ?" ಲೋಡಕ್ಕ ಒಂದು ಬೆಳಿಗ್ಗೆ ಕೇಳಿದಳು.

"ಹೌದಮ್ಮ," ಎಂದರು ಟಪಾಲಪ್ಪ.

"ನಿನ್ನೇನೂ ಹನ್ನೊಂದು ಅಂದಿದ್ರಿ. ಸಂಜೆ ಐದೂವರೆಗೆ ನಾನೇ ಗೇಟು ತೆಗೆದೆ."

"ಹೊರಡ್ಬೇಕು ಅಂತ ಮನಸ್ಸಲ್ಲಿತ್ತು. ಮನಸ್ಸಿಗೆ ಬೆಲೆ ಇಲ್ವಾ?"

"ಪೆಟ್ಟಿಗೆಗೆ ಮನಸ್ಸು ಗೊತ್ತಾಗಲ್ಲ ಸರ್, ಟೈಮು ಗೊತ್ತಾಗುತ್ತೆ."

"ಅದಕ್ಕೇ ಅದನ್ನ ಪೆಟ್ಟಿಗೆ ಅನ್ನೋದು. ಮನುಷ್ಯ ಆಗಿದ್ರೆ ಸೂಕ್ಷ್ಮ ಅರ್ಥ ಆಗ್ತಿತ್ತು."

ಕಾರು ಸಿಕ್ಕಿಸಿ ಇಪ್ಪತ್ತು ನಿಮಿಷದೊಳಗೆ ಹೊರಡುತ್ತೇನೆಂದರೆ ಪೆಟ್ಟಿಗೆ ಒಪ್ಪುತ್ತಿರಲಿಲ್ಲ. ಕಚೇರಿ ಶುರುವಾಗುವುದು ಹತ್ತಕ್ಕೆ. ಹಾಗಾಗಿ ಎರಡು ತಿಂಗಳಲ್ಲಿ ಇಪ್ಪತ್ನಾಲ್ಕು ಜನರೂ, ದೊಡ್ಡ ಸಾಹೇಬರೂ ಸೇರಿ, ಹತ್ತೂ ಇಪ್ಪತ್ತಕ್ಕೆ ಬಂದು ನಿಂತರು. ಇನ್ನು ಕೆಳಗೆ ಇಳಿಯಲು ಮೆಟ್ಟಿಲಿಲ್ಲ. ಎಲ್ಲರೂ ಒಂದೇ ಸಮಯ ಹೇಳಿದಾಗ ಪೆಟ್ಟಿಗೆ ಇನ್ನೇನು ಮಾಡೀತು? ಸಮಪಾಲು ಮಾಡಿತು. ಐದೂವರೆ ಎನ್ನುತ್ತಿದ್ದಾಗ ಎಷ್ಟು ಸಿಗುತ್ತಿತ್ತೋ ಅಷ್ಟೇ ಸಿಕ್ಕಿತು, ಒಂದು ತೊಟ್ಟು ಹೆಚ್ಚಿಲ್ಲ. ಆದರೆ ಒಬ್ಬರೇ ನಿಜ ಹೇಳಿದರೆ ಅವರ ಕಾರು ಸಾಲಿನ ಕೊನೆಗೆ. ಹೀಗಾಗಿ ಲಾಭವಿಲ್ಲದ ಸುಳ್ಳನ್ನೂ ದಿನಾ ಹೇಳಲೇಬೇಕಾಯಿತು, ಹಲ್ಲುಜ್ಜಿದ ಹಾಗೆ.

ಲೋಡಕ್ಕ ಧೈರ್ಯ ಮಾಡಿ ದೊಡ್ಡ ಸಾಹೇಬರಿಗೆ ಹೇಳಿದಳು. "ಎಲ್ರೂ ನಿಜ ಹೇಳಿದ್ರೂ ಇಷ್ಟೇ ಸಿಗುತ್ತೆ ಸರ್."

ಸಾಹೇಬರು ಯೋಚಿಸಿದರು. "ಹಂಗಾದ್ರೆ ಸುಳ್ಳು ಹೇಳಿದ್ರಿಂದ ನಷ್ಟವೇನೂ ಆಗ್ಲಿಲ್ಲ ಅಂತಾಯ್ತು."

ಸಂತೆಯಲ್ಲಿ ಕಲ್ಲಿನ ತಳಕ್ಕೆ ತೂತು ಕೊರೆದು ತೂಕ ಇಳಿಸಿದವನನ್ನು ಹಿಡಿದು ತರುವ ಕಚೇರಿ ಅದು.

ಮೂರು ತಿಂಗಳಿಗೊಮ್ಮೆ ಪೆಟ್ಟಿಗೆ ತಾನಾಗಿ ಒಂದು ವರದಿ ಕಳಿಸುತ್ತದೆ ಎಂಬುದು ಅದರ ಜೊತೆ ಬಂದ ಪುಸ್ತಕದಲ್ಲಿತ್ತು. ಆ ಪುಸ್ತಕವನ್ನು ಲೋಡಕ್ಕ ಎರಡು ಸಲ ಓದಿ, ಟಿಪ್ಪಣಿ ಬರೆದು, ಮೇಲಿನವರ ಮೇಜಿಗೆ ಕಳಿಸಿದ್ದಳು. ಟಿಪ್ಪಣಿ ಹಾಳೆಯ ಬೆನ್ನ ಮೇಲೆ ಯಾರೋ ಯಾರದೋ ಫೋನ್ ನಂಬರು ಬರೆದುಕೊಂಡಿದ್ದರು. ವರದಿ ಹೋದದ್ದು ಕಟ್ಟಡಗಳ ಮುಖ್ಯ ಕಚೇರಿಗೆ. ಅಲ್ಲಿಂದ ಬಂದ ಕಾಗದ ನೋಡಿ ದೊಡ್ಡ ಸಾಹೇಬರು ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟರು.

ಕಾಗದ ಬಹಳ ವಿನಯದ್ದು. ತಮ್ಮ ಕಚೇರಿಯ ಸಿಬ್ಬಂದಿ ಕಳೆದೊಂದು ತಿಂಗಳಿಂದ ಪ್ರತಿದಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಚೇರಿಯಿಂದ ಹೊರಡುವುದು ತಿಳಿದುಬಂದಿದೆ. ಆನಂತರವೂ ಕಟ್ಟಡಕ್ಕೆ ಪೂರ್ತಿ ವಿದ್ಯುತ್ ಒದಗಿಸುವುದು ವ್ಯರ್ಥ. ಒಂದೇ ಟ್ರಾನ್ಸ್‌ಫಾರ್ಮರನ್ನು ಹಂಚಿಕೊಂಡಿರುವ ಎದುರಿನ ಭೂಮಾಪನ ಇಲಾಖೆ ಹೆಚ್ಚಿನ ಪಾಲು ಕೇಳಿದೆ. ಆದಕಾರಣ, ತಡವಾಗಿ ಹೊರಡುವವರಿಗೂ ತೊಂದರೆಯಾಗದಂತೆ ಹನ್ನೊಂದರವರೆಗೆ ಕಾದು, ಆಮೇಲೆ ಒಂದು ಲಿಫ್ಟಿಗೆ ಸಾಕಾಗುವಷ್ಟನ್ನು ಮಾತ್ರ ಉಳಿಸಿ, ಮಿಕ್ಕದ್ದನ್ನು ಅತ್ತ ತಿರುಗಿಸಲಾಗುವುದು. ಆಕ್ಷೇಪಣೆ ಇದ್ದವರು ತಾವು ನಿಜವಾಗಿ ಹೊರಡುವ ಸಮಯವನ್ನೂ, ಬೇರೆ ಸಮಯ ನಮೂದಿಸಿದ್ದರ ಕಾರಣವನ್ನೂ ಸ್ವಹಸ್ತದಲ್ಲಿ ಬರೆದು ಏಳು ದಿನದೊಳಗೆ ಕಳಿಸತಕ್ಕದ್ದು.

ಜನ ಹತ್ತೂ ಇಪ್ಪತ್ತಕ್ಕೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂದು ಕಾಗದ ಕೇಳಿರಲಿಲ್ಲ. ಅದು ಬೇರೆ ಇಲಾಖೆಯ ವಿಷಯ. ಕಟ್ಟಡಗಳವರಿಗೆ ಕಟ್ಟಡದ ಚಿಂತೆ.

ದೊಡ್ಡ ಸಾಹೇಬರ ಕೋಣೆಯಲ್ಲಿ ಸಭೆ ಸೇರಿತು. ಲೋಡಕ್ಕ ಬಾಗಿಲ ಬಳಿ ನಿಂತಳು.

"ಹೊರಡೋದು ಅಂದ್ರೆ ಮನೆಗೇ ಹೊರಡೋದು ಅಂತ ಎಲ್ಲಿದೆ? ಸೀಟಿಂದ ಎದ್ದು ಕ್ಯಾಂಟೀನಿಗೆ ಹೊರಡೋದೂ ಹೊರಡೋದೇ," ಎಂದರು ಟಪಾಲಪ್ಪ.

"ಕಾರಲ್ಲಿ ಕ್ಯಾಂಟೀನಿಗಾ?" ಎಂದರು ಆಡಳಿತಾಧಿಕಾರಿ ಮೇಡಂ. "ನಾನು ಒಂದ್ ದಿನ ಹಲ್ಲುನೋವಿಗೆ ಹೋದೆ. ನೀವೆಲ್ಲ ಅದನ್ನ ಸಂಪ್ರದಾಯ ಮಾಡಿದ್ರಿ."

"ತಿಂಗ್ಳಿಡೀ ಹಲ್ಲುನೋವಾ ಮೇಡಂ? ಕಾಗದದ ಜೊತೆ ಬಂದ ಲಿಸ್ಟಲ್ಲಿ ನಿಮ್ದೂ ಹತ್ತೂ ಇಪ್ಪತ್ತೇ ಇದೆ."

ಮೇಡಂ ಕೆನ್ನೆ ಮುಟ್ಟಿಕೊಂಡರು. ನಿಜ ಬರೆದರೆ ಅಳತೆಯ ಕಚೇರಿಯ ಇಪ್ಪತ್ನಾಲ್ಕು ಜನ ತಿಂಗಳುಗಟ್ಟಲೆ ಸುಳ್ಳು ಅಳತೆ ಕೊಟ್ಟರು ಎಂದಾಗುತ್ತದೆ. ಬರೆಯದಿದ್ದರೆ ದಿನಕ್ಕೆ ಇಪ್ಪತ್ತೇ ನಿಮಿಷ ಕೆಲಸ ಮಾಡುತ್ತಾರೆ ಎಂದಾಗುತ್ತದೆ. ಆಗ ಟಪಾಲಪ್ಪನವರ ಕಣ್ಣು ಬಾಗಿಲ ಕಡೆ ಹೋಯಿತು, ಅವರ ಹಿಂದೆಯೇ ಉಳಿದ ಕಣ್ಣುಗಳೂ ಹೋದವು.

"ಆ ಪೆಟ್ಟಿಗೇಲಿ ಗಡಿಯಾರ ಇದೆಯಲ್ವಾ ಲೋಡಕ್ಕ? ಅದನ್ನ ಕೂರಿಸಿದ್ದು ಯಾರು?"

"ನಾನೇ ಸರ್."

"ತಪ್ಪಾಗಿ ಕೂರಿಸಿರ್ಬಹುದಲ್ವಾ? ಮನುಷ್ಯರಿಗೆ ತಪ್ಪಾಗುತ್ತೆ."

ದೊಡ್ಡ ಸಾಹೇಬರ ಮುಖ ಅರಳಿತು. "ಒಂದೇ ಸಾಲಮ್ಮ. 'ನಾನು ಪೆಟ್ಟಿಗೆಯ ಗಡಿಯಾರವನ್ನು ತಪ್ಪಾಗಿ ಇಟ್ಟಿದ್ದೆ, ಆದ್ದರಿಂದ ಹೊರಡುವ ಸಮಯಗಳು ತಪ್ಪಾಗಿ ದಾಖಲಾಗಿವೆ.' ಕೆಳಗೆ ಒಂದು ಸಹಿ." ಮೇಜಿನ ಮೂಲೆಯಿಂದ ಒಂದು ಕಡತ ಎಳೆದು ಮುಂದಿಟ್ಟರು. "ನಿನ್ನ ಖಾಯಂ ಫೈಲು. ಏಳು ವರ್ಷದಿಂದ ನೋಡ್ತಿದೀನಿ, ಪಾಪ ಅನ್ಸುತ್ತೆ. ನೀನು ಅಲ್ಲಿ ಸಹಿ ಹಾಕು, ನಾನು ಇಲ್ಲಿ ಹಾಕ್ತೀನಿ. ಗುತ್ತಿಗೆ ಹೇಗೂ ಈ ತಿಂಗ್ಳ ಕೊನೆಗೆ ಮುಗಿಯುತ್ತೆ. ಆಮೇಲೆ ನನ್ನ ಕೈಯಲ್ಲೂ ಏನಿರುತ್ತೆ ಹೇಳು."

ಲೋಡಕ್ಕ ನಾಳೆ ಹೇಳುತ್ತೇನೆ ಎಂದಳು. ಏನು ಹೇಳುತ್ತಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಗಂಡನ ಹೊಲಿಗೆ ಅಂಗಡಿ. ಅವನು ಯಂತ್ರ ತುಳಿಯುತ್ತಿದ್ದ, ಅತ್ತೆ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಕೈ ತೊಳೆದು ಬಂದು ಲೋಡಕ್ಕ ಎಲ್ಲ ಹೇಳಿದಳು. ಗಡಿಯಾರ ತಪ್ಪಿಟ್ಟೆ ಎಂದು ಬರೆದುಕೊಟ್ಟರೆ ಅದರ ಪ್ರತಿ ಪರವಾನಗಿ ಮಂಡಳಿಗೂ ಹೋಗುತ್ತದೆ, ಪುಸ್ತಕ ಕಿತ್ತುಕೊಂಡರೂ ಕಿತ್ತುಕೊಂಡಾರು ಎಂದೂ ಹೇಳಿದಳು.

"ಒಂದು ಸಾಲು ತಾನೇ? ಬರ್ದು ಬಿಸಾಕು," ಎಂದ ಗಂಡ. "ಹೋದ ವರ್ಷ ನೀನು ಜ್ವರ ಇಟ್ಕೊಂಡು ಹದಿನೈದು ದಿನ ಕೆಲ್ಸಕ್ಕೆ ಹೋದೆ, ರಜೆ ಇಲ್ಲ ಅಂತ. ಖಾಯಂ ಆದ್ರೆ ಮಲಗ್ಬಹುದು."

"ಮಲಗೋಕ್ಕೋಸ್ಕರ ಬರ್ದುಕೊಡ್ಲಾ?"

ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದರು. "ಲೋ, ಯಾರಾದ್ರೂ ಬಂದು, ನನ್ ಹೊಟ್ಟೆ ಬೆಳೆದದ್ದು ಹೆಂಡ್ತಿಗೆ ಗೊತ್ತಾಗ್ಬಾರ್ದು, 'ನನ್ನ ಅಳತೆ ಟೇಪೇ ತಪ್ಪು' ಅಂತ ನೀನು ಬರ್ಕೊಡು ಅಂದ್ರೆ ಕೊಡ್ತೀಯಾ?"

"ಅದೆಂಗಮ್ಮ? ಆಮೇಲೆ ಅಂಗಡಿಗೆ ಯಾರು ಬರ್ತಾರೆ?"

"ಹ್ಞಾಂ, ನಿಂದಾದ್ರೆ ತಿಳಿಯುತ್ತೆ." ಸೊಸೆಯ ಕಡೆ ತಿರುಗಿದರು. "ಏಳು ವರ್ಷ ನಿಲ್ಲಿಸಿದ್ರು. ಈಗ ಕುರ್ಚಿ ಕೊಡ್ತಾರಂತೆ, ಕಾಲು ಮುರ್ಕೊಂಡ್ರೆ. ನಿಂಗೆ ಬಿಟ್ಟಿದ್ದಮ್ಮ. ನನ್ನ ಕೇಳಿದೆ ಅಂತ ಆಮೇಲೆ ನನ್ನ ಮೇಲೆ ಹಾಕ್ಬೇಡ."

ಬಿಟ್ಟದ್ದು ಅವಳಿಗೇ ಎಂಬುದೇ ಅವಳ ಸಂಕಟ. ಹಾಳೆ ತೆಗೆದುಕೊಂಡು ಕೂತಳು. ನಾಲ್ಕು ಸಲ ಬರೆದಳು, ಮೂರು ಸಲ ಹರಿದಳು. ಮೊದಲನೆಯದರಲ್ಲಿ "ಕ್ಷಮಿಸಿ" ಐದು ಸಲ ಬಂದಿತ್ತು, ಕೊನೆಯದರಲ್ಲಿ ಎರಡು ಸಲ ಉಳಿಯಿತು. ಅದರಲ್ಲಿ ಇದ್ದದ್ದು ಇಷ್ಟು. ಮಹಡಿಗಳ ಬಳಕೆ ಹೆಚ್ಚಿರುವ ಬೆಳಗಿನ ಹೊತ್ತಿನಲ್ಲಿ ಪೆಟ್ಟಿಗೆ ಅಂಗಳಕ್ಕೆ ಕಡಿಮೆ ಬಿಡುತ್ತದೆ, ಸಂಜೆ ಹೆಚ್ಚು ಬಿಡುತ್ತದೆ. ಗಡಿಯಾರ ತಪ್ಪಿದ್ದರೆ ಬೆಳಿಗ್ಗೆಯನ್ನೇ ಸಂಜೆ ಎಂದು ತಿಳಿದು ಹೆಚ್ಚು ಬಿಟ್ಟು, ದಿನಾ ಮೇನ್ ಬೀಳುತ್ತಿತ್ತು. ಮೂರು ತಿಂಗಳಲ್ಲಿ ಒಂದು ಸಲವೂ ಬಿದ್ದಿಲ್ಲ. ಆದ್ದರಿಂದ ಗಡಿಯಾರ ಸರಿ ಇದೆ. ಸರಿ ಇರುವುದನ್ನು ತಪ್ಪು ಎಂದು ಬರೆಯಲು ನನಗೆ ಆಗುವುದಿಲ್ಲ, ಕ್ಷಮಿಸಿ.

ದೊಡ್ಡ ಸಾಹೇಬರು ಎರಡು ಸಲ ಓದಿದರು. "ಇದರ ಕಾಪಿ ಯಾರಿಗೆ ಕೊಟ್ಟಿದ್ದೀಯ?"

"ಯಾರಿಗೂ ಇಲ್ಲ ಸರ್. ನಿಮಗೆ ಮಾತ್ರ."

ಅವರು ಕಾಗದವನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಖಾಯಂ ಫೈಲನ್ನು ಎತ್ತಿ ಬೀರುವಿನ ತಳದ ಅರೆಯಲ್ಲಿ, ಎರಡು ಹಳೆಯ ಕ್ಯಾಲೆಂಡರುಗಳ ಕೆಳಗೆ ಇಟ್ಟರು. ಅವಳು ನೋಡುತ್ತಿರುವಾಗಲೇ ಇಟ್ಟರು.

ಆಕ್ಷೇಪಣೆಯ ಹಾಳೆ ಮೇಜಿಂದ ಮೇಜಿಗೆ ತಿರುಗಿತು. ಟಪಾಲಪ್ಪ "ಮೇಲಿನವರು ಮೊದ್ಲು" ಎಂದು ಮೇಲಕ್ಕೆ ಕಳಿಸಿದರು. ಮೇಲಿನವರು "ಸಂಬಂಧಪಟ್ಟವರು ಮೊದ್ಲು" ಎಂದು ಕೆಳಕ್ಕೆ ಕಳಿಸಿದರು. ಏಳನೇ ದಿನದ ಸಂಜೆ ಹಾಳೆಯ ಮೇಲೆ ಮೂರು ಚಹಾ ಲೋಟದ ಗುರುತುಗಳಿದ್ದವು, ಸಹಿ ಒಂದೂ ಇರಲಿಲ್ಲ.

ಎಂಟನೇ ದಿನ ಹನ್ನೊಂದಕ್ಕೆ ಸರಿಯಾಗಿ ನಾಲ್ಕು ಮಹಡಿಯ ಫ್ಯಾನುಗಳು ನಿಧಾನವಾಗಿ ತಿರುಗಿ ನಿಂತವು. ಅಂಗಳದಲ್ಲಿ ಇಪ್ಪತ್ನಾಲ್ಕು ಕಂಬಗಳ ದೀಪ ಆರಿತು. ಎದುರು ಅಂಗಳದ ಇಪ್ಪತ್ತು ಕಂಬಗಳು ಹಸಿರು ಕಣ್ಣು ಬಿಟ್ಟವು. ಮೂರು ದಿನ ಜನ ಕಡತಗಳಿಂದ ಗಾಳಿ ಬೀಸಿಕೊಂಡು ಕೂತರು. ಕಡತಗಳು ಅಷ್ಟು ಚುರುಕಾಗಿ ಓಡಾಡಿದ್ದು ಆ ಕಚೇರಿಯಲ್ಲಿ ಅದೇ ಮೊದಲು. ನಾಲ್ಕನೇ ದಿನ ಟಪಾಲಪ್ಪ ಎದ್ದರು.

"ಸಂತೆಗಳಲ್ಲಿ ತಕ್ಕಡಿ ತಪಾಸಣೆ ಮಾಡಿ ಎಷ್ಟು ಕಾಲ ಆಯ್ತು. ನಾನು ಹೊರಟೆ."

"ನೀವು ಟಪಾಲಲ್ವಾ ಸರ್?" ಎಂದಳು ಲೋಡಕ್ಕ.

"ದೇಶಸೇವೆಗೆ ವಿಭಾಗ ಉಂಟೇನಮ್ಮ?"

ಎಲ್ಲರೂ ತಪಾಸಣೆಗೆ ಹೊರಟರು. ಹನ್ನೊಂದೂ ಐದಕ್ಕೆ ಅಂಗಳ ಖಾಲಿ. ಹೇಳಿದ ಸಮಯಕ್ಕೂ ಹೊರಟ ಸಮಯಕ್ಕೂ ಮುಕ್ಕಾಲು ಗಂಟೆಯ ವ್ಯತ್ಯಾಸ ಮಾತ್ರ ಉಳಿಯಿತು. ಆ ಕಚೇರಿಯ ಮಟ್ಟಿಗೆ ಅದು ಸತ್ಯವೇ. ಸಂಜೆಯವರೆಗೆ ಕಟ್ಟಡದಲ್ಲಿ ಉಳಿಯುತ್ತಿದ್ದವಳು ಲೋಡಕ್ಕ ಒಬ್ಬಳು, ಲಿಫ್ಟೊಂದನ್ನು ಓಡಿಸಿಕೊಂಡು. ತಿಂಗಳ ಕೊನೆಗೆ ಮೂರು ದಿನ ಇತ್ತು. ತನ್ನ ಟೆಸ್ಟರು, ಕಟಿಂಗ್ ಪ್ಲೈಯರು, ಟೇಪಿನ ಸುರುಳಿಗಳನ್ನು ಅವಳು ಚೀಲಕ್ಕೆ ತುಂಬಲು ಶುರುಮಾಡಿದ್ದಳು. ಕಚೇರಿಯ ಟೇಪು ಯಾವುದು, ತನ್ನದು ಯಾವುದು ಎಂದು ಗೊತ್ತಾಗದೆ ಎರಡು ಸುರುಳಿ ಅಲ್ಲೇ ಬಿಟ್ಟಳು.

ಅಷ್ಟರಲ್ಲಿ ಭೂಮಾಪನದವರು ಇನ್ನೊಂದು ಅರ್ಜಿ ಹಾಕಿದರು. ಹನ್ನೊಂದರ ನಂತರ ಖಾಲಿ ಬೀಳುವ ಎರಡು ಮಹಡಿ ನಮಗೆ ಕೊಡಿ. ಕಟ್ಟಡಗಳ ಕಚೇರಿ ನಿಯಮ ತೆಗೆದು ನೋಡಿತು. ಖಾಯಂ ನೌಕರರು ಒಬ್ಬರಾದರೂ ಇಲ್ಲದ ಹೊತ್ತಿನಲ್ಲಿ ಕಟ್ಟಡವನ್ನು ತೆರೆದಿಡುವಂತಿಲ್ಲ. ಹಾಗೆ ಖಾಲಿ ಇರುವ ಮಹಡಿಗಳನ್ನು ಕೇಳಿದವರಿಗೆ ಕೊಡಬಹುದು. ಐದೂವರೆಯವರೆಗೆ ಇರುವ ಖಾಯಂ ನೌಕರರ ಹೆಸರನ್ನು ನಾಳೆಯೊಳಗೆ ತಿಳಿಸಿ ಎಂದು ಕಾಗದ ಬಂತು.

"ನೀವೇ ಇರ್ತೀರಾ?" ಎಂದು ದೊಡ್ಡ ಸಾಹೇಬರು ಮೇಡಂ ಅವರನ್ನು ಕೇಳಿದರು.

"ಈ ಸೆಕೆಯಲ್ಲಾ?" ಎಂದರು ಮೇಡಂ. "ಟಪಾಲಪ್ಪನೋರು ಇರ್ಲಿ."

"ನಂಗೆ ಸಂತೆ ಇದೆ," ಎಂದರು ಟಪಾಲಪ್ಪ.

ಹತ್ತೂ ಐವತ್ತಕ್ಕೆ ಲೋಡಕ್ಕನಿಗೆ ಕರೆ ಬಂತು. ಅವಳು ಮೇಲೆ ಹೋದಾಗ ದೊಡ್ಡ ಸಾಹೇಬರು ಮಂಡಿಯೂರಿ ಬೀರುವಿನ ತಳದಿಂದ ಕ್ಯಾಲೆಂಡರು ಎಳೆಯುತ್ತಿದ್ದರು. ಏಳು ವರ್ಷದ ಫೈಲಿಗೆ ಸಹಿ ಬೀಳಲು ಏಳು ನಿಮಿಷ ಹಿಡಿಯಿತು. ಅದರಲ್ಲಿ ಐದು ಧೂಳು ಕೊಡವಲು.

"ಖಾಯಂ ಆದ್ಯಮ್ಮ. ನಿನ್ನ ಪ್ರಾಮಾಣಿಕತೆ ನೋಡಿ ನಂಗೆ ತಡ್ಕೊಳ್ಳೋಕಾಗ್ಲಿಲ್ಲ," ಎಂದು ಗಡಿಯಾರ ನೋಡಿ, ಬ್ಯಾಗು ಎತ್ತಿಕೊಂಡು ಹೊರಟರು.

ಆದೇಶವನ್ನು ಅವಳು ಮೂರು ಸಲ ಓದಿದಳು. ಖುಷಿ ಬಂತು, ಬಂದ ಖುಷಿ ಕೊನೆಯ ಸಾಲಿನಲ್ಲಿ ನಿಂತಿತು. ಹನ್ನೊಂದರಿಂದ ಐದೂವರೆಯವರೆಗೆ ಕಟ್ಟಡಕ್ಕೂ ಅಲ್ಲಿಗೆ ಬರುವ ಸಾರ್ವಜನಿಕರಿಗೂ ಸದರಿ ನೌಕರಳೇ ಹೊಣೆ.

ಮಧ್ಯಾಹ್ನ ತರಕಾರಿ ಮಾರುವಾಕೆಯೊಬ್ಬಳು ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಸಾಹೇಬ್ರು ಎಲ್ಲಕ್ಕ?"

"ಸಂತೆಗೆ ತಪಾಸಣೆಗೆ ಹೋಗಿದ್ದಾರೆ."

"ಅಲ್ಲಿಗೇ ಬಂದಿದ್ರು ಕಣಕ್ಕ. ಸೀಲಿನ ವರ್ಷ ಮುಗಿದಿದೆ, ಕಚೇರಿಗೆ ಹೋಗಿ ಹಾಕಿಸ್ಕೊಂಡು ಬಾ, ಅಲ್ಲಿವರೆಗೂ ಅಂಗಡಿ ಮುಚ್ಚು ಅಂದ್ರು. ಸೊಪ್ಪು ಒಣಗ್ತಾ ಕೂತಿದೆ."

"ಸೀಲು ಹಾಕೋರು ಅವರೇ."

"ಅವ್ರು ಅಲ್ಲಿ, ಸೀಲು ಇಲ್ಲಿ." ಆಕೆ ಸುತ್ತ ನೋಡಿದಳು. "ನೀವ್ಯಾರು?"

ಏಳು ವರ್ಷದಿಂದ ಈ ಪ್ರಶ್ನೆಗೆ ಲೋಡಕ್ಕನ ಬಳಿ ಒಂದು ಉತ್ತರವಿತ್ತು: ನಾನು ಟೆಂಪರರಿ. ಆ ಬಾಗಿಲು ಬೆಳಿಗ್ಗೆಯಷ್ಟೇ ಮುಚ್ಚಿತ್ತು.

"ನಾನು... ಖಾಯಂ," ಎಂದಳು.

"ಹಂಗಾದ್ರೆ ಸರಿ ಬಿಡಿ," ಎಂದು ಆಕೆ ತಕ್ಕಡಿಯನ್ನು ಅವಳ ಕೈಗೆ ಕೊಟ್ಟಳು.

ಲೋಡಕ್ಕ ತಕ್ಕಡಿಯನ್ನು ತಿರುಗಿಸಿ ಹಳೆಯ ಸೀಲಿನ ವರ್ಷ ನೋಡಿದಳು. ಆಮೇಲೆ ಲಿಫ್ಟನ್ನು ಬಂದ್ ಮಾಡಿ, ಅದರ ಪಾಲಿನ ಕರೆಂಟನ್ನು ಎರಡನೇ ಮಹಡಿಯ ಪರೀಕ್ಷಾ ಕೋಣೆಗೆ ತಿರುಗಿಸಿದಳು. ಇಬ್ಬರೂ ಮೆಟ್ಟಿಲು ಹತ್ತಿದರು. ಗಾಜಿನ ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ತೆಗೆದು ತಕ್ಕಡಿಯ ಮೇಲಿಟ್ಟಳು. ನೂರು ಗ್ರಾಮಿಗೆ ನೂರು ತೋರಿಸಿತು, ಕಿಲೋಗೆ ಕಿಲೋ ತೋರಿಸಿತು. ಒಂದು ಗ್ರಾಂ ಆಚೀಚೆ ಇಲ್ಲ. ಅಷ್ಟು ಸರಿಯಾದದ್ದೊಂದನ್ನು ಆ ಕಟ್ಟಡದಲ್ಲಿ ನೋಡಿ ಅವಳಿಗೆ ತಿಂಗಳುಗಳೇ ಆಗಿದ್ದವು.

ಹಾಳೆ ತೆಗೆದು ಬರೆದಳು. ಈ ತಕ್ಕಡಿಯನ್ನು ಪರೀಕ್ಷಿಸಿದ್ದೇನೆ, ತೂಕ ಸರಿ ಇದೆ. ಸೀಲು ಹಾಕುವ ಅಧಿಕಾರ ನನಗಿಲ್ಲ. ಹಾಕುವವರು ನಿಮ್ಮ ಸಂತೆಯಲ್ಲಿದ್ದಾರೆ. ಕೆಳಗೆ ಸಹಿ ಹಾಕಿದಳು. ಖಾಯಂ ಆಗಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ.

"ಇದು ನಡೆಯುತ್ತಾ?" ಎಂದಳು ತರಕಾರಿಯಾಕೆ.

"ಗೊತ್ತಿಲ್ಲ."

"ಆಗ್ಲಿ. ಅವ್ರ ಮೂಗಿಗೆ ಹಿಡೀತೀನಿ," ಎಂದು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ, ತಕ್ಕಡಿ ಎತ್ತಿಕೊಂಡು ಸರಸರ ಇಳಿದು ಹೋದಳು.

ಬಟ್ಟುಗಳನ್ನು ಒರೆಸಿ ಒಳಗಿಡುವಾಗ ಲೋಡಕ್ಕನಿಗೆ ಅನುಮಾನ ಶುರುವಾಯಿತು. ತಾರೀಖು ಬರೆದೆನೋ ಇಲ್ಲವೋ. ತಾರೀಖಿಲ್ಲದ ಕಾಗದಕ್ಕೆ ಬೆಲೆ ಏನು? ಅವಳು ಪೆನ್ನು ಹಿಡಿದು, ಎರಡೆರಡು ಮೆಟ್ಟಿಲು ಹಾರುತ್ತ, ಆಕೆಯ ಹಿಂದೆ ಬೀದಿಗೆ ಓಡಿದಳು.